ಜಾಗ ಹಿಡಿಯಲು ಹೋದವಳು

ಜಾಗ ಹಿಡಿಯಲು ಮುಂಚೆ ಹೋಗುತ್ತಿದ್ದದ್ದು ಯಾವಾಗಲೂ ಅಮ್ಮನೇ. ಶಾಲೆಗೆ ರಜೆ ಬಿಟ್ಟ ವಾರವೇ ಮನೆಮಂದಿಯೆಲ್ಲ ತಮ್ಮೂರು ಗಾಬ್ರೊವೊದ ಬಸ್ ನಿಲ್ದಾಣಕ್ಕೆ ಹೋಗಿ ಅವಳನ್ನು ಹತ್ತಿಸಿ ಬರುತ್ತಿದ್ದರು. ಬೆನ್ನಿಗೆ ಚಿಕ್ಕ ಡೇರೆ, ಕೈಯಲ್ಲಿ ಒಂದು ಚೀಲ, ಹೆಗಲಿಗೆ ಸುರುಳಿ ಸುತ್ತಿದ ನೀಲಿ ಹಗ್ಗ. ಬುರ್ಗಾಸ್‌ವರೆಗೆ ಒಂದು ಬಸ್ಸು, ಅಲ್ಲಿಂದ ಸಮುದ್ರದ ದಡ ಹಿಡಿದು ದಕ್ಷಿಣಕ್ಕೆ ಇನ್ನೊಂದು. ನದಿ ಸಮುದ್ರ ಸೇರುವಲ್ಲಿ, ಓಕ್ ಮರಗಳ ತೋಪಿನಲ್ಲಿ ಅವರ ಜಾಗವಿತ್ತು. ಬುಡದಲ್ಲಿ ಒಂದಾಗಿ ಮೇಲೆ ಎರಡಾಗಿದ್ದ ಒಂದು ಮರ, ಅದರೆದುರು ಇನ್ನೊಂದು, ನಡುವೆ ಎರಡು ಡೇರೆಗೂ ಒಂದು ಮಾಸ್ಕ್ವಿಚ್ ಕಾರಿಗೂ ಸಾಕಾಗುವಷ್ಟು ನೆರಳು. ಅಮ್ಮ ಆ ಮರದಿಂದ ಈ ಮರಕ್ಕೆ ಹಗ್ಗ ಕಟ್ಟಿ, ಬೇರೆ ಯಾರೂ ಬಂದು ಗೂಟ ಹೊಡೆಯದ ಹಾಗೆ ಕಾಯುತ್ತಿದ್ದಳು. ಎರಡು ದಿನ ಬಿಟ್ಟು ಅಪ್ಪ, ಮಗಳು ನೆವೆನಾ, ಅವಳ ತಮ್ಮ, ಹಾಸಿಗೆ, ಪಾತ್ರೆ, ಗೊಜ್ಜಿನ ಜಾಡಿಗಳು ಎಲ್ಲ ಕಾರಿನೊಳಗೆ ತುಂಬಿಕೊಂಡು ಹೊರಡುತ್ತಿದ್ದವು.

ಅಮ್ಮ ಹೊರಡುವಾಗ ಹೊಸ್ತಿಲ ಮುಂದೆ ತಾಮ್ರದ ಚೆಂಬಿನಿಂದ ನೀರು ಚೆಲ್ಲುವುದು ನೆವೆನಾಳ ಕೆಲಸ. ಹೋಗುವವರು ಆ ನೀರು ದಾಟಿ ಹೋದರೆ ಹೋದ ಕೆಲಸವೂ ನೀರಿನ ಹಾಗೆ ಸರಾಗವಾಗಿ ಹರಿಯುತ್ತದೆಂದು ಅಲ್ಲಿಯವರ ನಂಬಿಕೆ. ಚೆಲ್ಲುವಾಗ ಆ ಪುಟ್ಟ ಹುಡುಗಿ ಅಳು ನುಂಗಿಕೊಳ್ಳುತ್ತಿದ್ದಳು. ಪಾಪ ಅಮ್ಮ, ಒಬ್ಬಳೇ ಆ ತೋಪಿನಲ್ಲಿ ನಮಗೋಸ್ಕರ ಕೂತಿರಬೇಕಲ್ಲ ಎಂದು ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಕೈ ಬೀಸುತ್ತ ನಿಂತಿರುತ್ತಿದ್ದಳು.

ಈಗ ನೆವೆನಾಳಿಗೆ ನಲವತ್ತು. ಅದೇ ಊರಿನಲ್ಲಿ, ಅಮ್ಮನ ಮನೆಯಿಂದ ಎರಡು ಬೀದಿ ಆಚೆಗೆ ವಾಸ. ಔಷಧಿ ಅಂಗಡಿಯಲ್ಲಿ ಕೆಲಸ. ಆರು ವರ್ಷದ ಇಸ್ಕ್ರಾ, ಮೂರು ವರ್ಷದ ಆಸೆನ್, ಮತ್ತು ಯಾವ ಗಡಿಬಿಡಿಯನ್ನೂ ತಮಾಷೆ ಮಾಡಿ ಕರಗಿಸಬಲ್ಲೆನೆಂದುಕೊಂಡಿರುವ ಗಂಡ ಬೊಯಾನ್. ಈ ಬೇಸಿಗೆ ಮಕ್ಕಳನ್ನು ಅದೇ ಓಕ್ ತೋಪಿಗೆ ಕರೆದೊಯ್ದು ಡೇರೆಯಲ್ಲಿ ಮಲಗಿಸಬೇಕೆಂದು ಅವಳು ಚಳಿಗಾಲದಿಂದಲೇ ಮನಸ್ಸು ಮಾಡಿದ್ದಳು. ತಯಾರಿಯನ್ನೂ ಶುರು ಮಾಡಿದ್ದಳು. ಆಸೆನ್‌ಗೆ ಕತ್ತಲೆಯೆಂದರೆ ಭಯ. ಅದಕ್ಕೆ ಹಜಾರದಲ್ಲಿ ಕುರ್ಚಿಗಳ ಮೇಲೆ ದುಪ್ಪಟಿ ಹೊದಿಸಿ, ಒಳಗೆ ಪುಟ್ಟ ದೀಪದ ಸರ ತೂಗಿಸಿ ಮಕ್ಕಳನ್ನು ಅಲ್ಲಿ ಮಲಗಿಸಿ ಅಭ್ಯಾಸ ಮಾಡಿಸಿದಳು. ಮಳೆ ಬಂದರೆ ಆಡಲು ಏನು, ಸೊಳ್ಳೆಗೆ ಏನು, ಆಸೆನ್‌ನ ಮೂತ್ರದ ಪಾತ್ರೆಯನ್ನು ಎಲ್ಲಿ ತುರುಕುವುದು, ನಲ್ಲಿಗೆ ಹತ್ತಿರವಿದ್ದು ಪಾಯಿಖಾನೆಗೆ ದೂರವಿರುವುದು ಹೇಗೆ, ಎಲ್ಲವನ್ನೂ ಯೋಚಿಸಿದಳು. ಇಬ್ಬರಿಗೂ ಒಂದೊಂದು ಪುಟ್ಟ ಬೆನ್ನುಚೀಲ ಕೊಟ್ಟು "ಇದರೊಳಗೆ ಹಿಡಿಸಿದಷ್ಟೇ ಆಟದ ಸಾಮಾನು" ಎಂದು ಕಟ್ಟುನಿಟ್ಟು ಮಾಡಿದಳು. ಆಸೆನ್ ಅದರೊಳಗೆ ಅಡುಗೆಮನೆಯ ಸೌಟೊಂದನ್ನೇ ಹಾಕಿಕೊಂಡ.

"ವಾರಕ್ಕೆ ಹೋಗ್ತಿದೀವೋ, ಊರು ಬಿಟ್ಟೇ ಹೋಗ್ತಿದೀವೋ?" ಎಂದು ಬೊಯಾನ್ ಕೇಳಿದ.

"ನೀನು ಸುಮ್ನಿರು. ಚಿಕ್ಕ ಮಕ್ಕಳನ್ನ ಕಟ್ಕೊಂಡು ಹೋಗೋದು ಅಂದ್ರೆ ಹಂಗೇನೇ."

ಆದರೆ ಆ ತಯಾರಿಯಲ್ಲಿ ಮುಖ್ಯವಾದ ಒಂದು ಇನ್ನೂ ಕೈಗೆ ಸಿಕ್ಕಿರಲಿಲ್ಲ. ಅಮ್ಮ ಬರಬೇಕು. ಅಪ್ಪ ಗೆಂಚೊ ತೀರಿಕೊಂಡ ಮೇಲೆ ಅಮ್ಮ ರಾಯ್ನಾ ಊರು ಬಿಟ್ಟು ಕದಲಿರಲಿಲ್ಲ. ಕೇಳಿದರೆ ಮಂಡಿನೋವು, ಹೂಕುಂಡಗಳಿಗೆ ನೀರು, ಚೆರಿ ಹಣ್ಣಿನ ಜಾಮ್ ಎಂದು ಏನಾದರೊಂದು ನೆಪ. ಅಮ್ಮನಿಲ್ಲದ ಆ ಸಮುದ್ರ ನೆವೆನಾಳ ಕಣ್ಣಿಗೆ ಕಟ್ಟುತ್ತಲೇ ಇರಲಿಲ್ಲ. ತನ್ನ ಮಕ್ಕಳು ಆ ಮರದಡಿ, ಗ್ಯಾಸ್ ಒಲೆಯ ಮುಂದೆ ಕೂತ ಅಜ್ಜಿಯ ಕೈಯಿಂದ ಬಿಸಿಬಿಸಿ ಕರಿದ ಸೋರೆಬಿಲ್ಲೆ ತಿನ್ನಬೇಕು. ಒಂದು ಬೇಸಿಗೆಯಾದರೂ.

ಜೂನ್ ತಿಂಗಳ ಒಂದು ಭಾನುವಾರ ಅಮ್ಮ ಅಡುಗೆಮನೆಯಲ್ಲಿ ಕೂತು ತಲೆಪಿನ್ನಿನಿಂದ ಚೆರಿ ಹಣ್ಣಿನ ಬೀಜ ತೆಗೆಯುತ್ತಿದ್ದಳು. ಬೆರಳೆಲ್ಲ ಕೆಂಪು. ನೆವೆನಾ ಸಂಭ್ರಮದಿಂದ ಹೇಳಿದಳು.

"ಜಾಗ ಹಿಡಿದಾಯ್ತಮ್ಮ. ಫೋನಲ್ಲೇ! ಜೋಡಿ ಮರದ ಹತ್ರ ಅಂದ ತಕ್ಷಣ ತೋಪು ನೋಡ್ಕೊಳ್ಳೋರಿಗೆ ಗೊತ್ತಾಯ್ತು. ಹೆಸರು ಬರ್ಕೊಂಡ್ರು."

"ಫೋನಲ್ಲಾ?" ಅಮ್ಮನ ಕೈ ನಿಂತಿತು.

"ಹೂಂ. ಈಗೆಲ್ಲಾ ಹಂಗೇ."

"ಹಂಗಾದ್ರೆ ಯಾರೂ ಮುಂಚೆ ಹೋಗೋದೇ ಬೇಡ್ವಾ?"

"ಯಾತಕ್ಕೆ ಬೇಕು? ನೀನು ಪಟ್ಟ ಪಾಡು ಸಾಲ್ದಾ? ಒಂದೇ ಕಾರಲ್ಲಿ ಎಲ್ಲರೂ ಒಟ್ಟಿಗೆ ಹೋಗೋಣ. ನೀನು ಹಿಂದಿನ ಸೀಟಲ್ಲಿ ಮಕ್ಕಳ ನಡುವೆ ಕೂತ್ಕೊ, ಕಥೆ ಹೇಳ್ತಾ ಹೋಗಬಹುದು."

ಅಮ್ಮ ಬಾಯಲ್ಲಿ 'ತ್ಚ್' ಎಂದು ಗದ್ದವನ್ನು ಮೇಲಕ್ಕೆತ್ತಿದಳು. ಅವಳ 'ಇಲ್ಲ' ಯಾವಾಗಲೂ ಹಾಗೆಯೇ, ಒಮ್ಮೆ ಗದ್ದ ಮೇಲೆ ಹೋಯಿತೆಂದರೆ ಕೆಳಗಿಳಿಸುವುದು ಯಾರಿಂದಲೂ ಆಗದು.

"ನೀವು ಹೋಗ್ಬನ್ನಿ. ನಾನು ಬರಲ್ಲ."

"ಯಾಕಮ್ಮಾ?"

"ಡೇರೆ, ಒಲೆ, ಪಾತ್ರೆ ತೊಳೆಯೋದು... ಮಾಡಿ ಮಾಡಿ ಸಾಕಾಗಿದೆ ಕಣೆ."

"ನೀನು ಕಡ್ಡಿ ಎತ್ತಿಡಬೇಡ, ಸುಮ್ನೆ ಕೂತಿರು ಸಾಕು."

"ಸುಮ್ನೆ ಕೂರೋಕೆ ಇಲ್ಲೇ ಕುರ್ಚಿ ಇದೆ" ಎಂದು ಅಮ್ಮ ಮತ್ತೆ ಪಿನ್ನು ಎತ್ತಿಕೊಂಡಳು. ಕಷ್ಟವನ್ನೆಲ್ಲ ತೆಗೆದುಹಾಕಿ ಸುಖವನ್ನು ತಟ್ಟೆಯಲ್ಲಿಟ್ಟು ಕೊಟ್ಟರೂ ಇವಳೇಕೆ ಒಲ್ಲೆ ಎನ್ನುತ್ತಾಳೆಂದು ನೆವೆನಾಳಿಗೆ ತಿಳಿಯಲಿಲ್ಲ. ಬೇಜಾರಾಯಿತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಗಳವಾಡುತ್ತ ಮನೆಗೆ ಹೋದಳು.

ಮುಂದಿನ ಶನಿವಾರ ಹಳೆಯ ದೊಡ್ಡ ಡೇರೆಯನ್ನು ಅಮ್ಮನ ಮನೆಯ ನೆಲಮಾಳಿಗೆಯಿಂದ ಹೊರತೆಗೆದು, ಕಟ್ಟಡದ ಮುಂದಿನ ಹುಲ್ಲಿನ ಮೇಲೆ ಬಿಸಿಲಿಗೆ ಹಾಕಿದರು. ಕಿತ್ತಳೆ ಬಣ್ಣದ ಗೋಡೆ, ಕಂದು ಮಾಡು, ಇಲಿಯ ವಾಸನೆ. ಕೊಡವಿದಾಗ ಒಂದು ಮೂಲೆಯ ಹೊಲಿಗೆಯಿಂದ ಮರಳು ಉದುರಿತು. ಇಸ್ಕ್ರಾ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಜ್ಜಿಯ ಹತ್ತಿರ ಓಡಿದಳು. "ಅಜ್ಜೀ, ಇದು ನಮ್ಮಮ್ಮ ಚಿಕ್ಕೋಳಿದ್ದಾಗಿನ ಮರಳಾ?" ಅಮ್ಮ ಅದನ್ನು ಬೆರಳಿನಿಂದ ಉಜ್ಜಿ ನೋಡಿ, ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಬರಲ್ಲ ಎಂದವಳು ಇದಕ್ಕೆ ಮಾತ್ರ ಸುತ್ತಿಗೆ ಹಿಡಿದು ತಾನಾಗಿಯೇ ಇಳಿದು ಬಂದಿದ್ದಳು. ಬೊಯಾನ್ ಕಂಬಿಗಳನ್ನು ತಿರುಗಾಮುರುಗಾ ಜೋಡಿಸುವುದನ್ನು ನೋಡಲಾರದೆ ಬಂದಿರಬೇಕು.

"ಅದು ಮುಂದಿಂದು ಕಣಪ್ಪ, ಹಿಂದಕ್ಕೆ ಹಾಕಿದ್ರೆ ಹೆಂಗೆ ನಿಲ್ಲುತ್ತೆ? ನಿಮ್ಮನೇಲಿ ಹೋಟ್ಲಲ್ಲೇ ಮಲಗಿ ಬೆಳೆದೋರು ನೀವು."

"ಹೋಟ್ಲಲ್ಲಿ ಗೋಡೆ ತಂತಾನೇ ನಿಂತಿರುತ್ತೆ ಅತ್ತೆ, ಅದೊಂದು ಅನುಕೂಲ."

ಕಟ್ಟೆಯ ಮೇಲೆ ಕೂತ ಗಂಡಸರು ಕೇಳದೆಯೇ ಸಲಹೆ ಕೊಡತೊಡಗಿದರು. ಡೇರೆ ಒಂದು ಕಡೆಗೆ ವಾಲಿ, ಇನ್ನೊಂದು ಕಡೆಗೆ ಕುಸಿದು, ಕೊನೆಗೆ ಕುಡಿದವನ ಹಾಗೆ ತೂರಾಡುತ್ತ ಎದ್ದು ನಿಂತಿತು. ಅಷ್ಟರಲ್ಲಿ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಿಂಕಾ ಬಗ್ಗಿ ನೋಡಿದಳು. ಮಿಂಕಾಳ ಸಂಸಾರವೂ ಆ ಕಾಲದಲ್ಲಿ ಅದೇ ತೋಪಿಗೆ ಬರುತ್ತಿತ್ತು. ಅವಳ ಬಾಯಿಗೆ ಹೆದರಿ ಕಟ್ಟಡದಲ್ಲಿ ಯಾರೂ ಜೋರಾಗಿ ಜಗಳವಾಡುವುದಿಲ್ಲ.

"ಏನೇ ರಾಯ್ನಾ! ಮತ್ತೆ ಜಾಗ ಹಿಡಿಯೋಕೆ ಹೊರಟ್ಯಾ?"

ನೆವೆನಾ ತಲೆಯೆತ್ತಿ ಕೂಗಿದಳು. "ಈಗ ಆ ಕಷ್ಟ ಇಲ್ಲ ಮಿಂಕಾ ಚಿಕ್ಕಮ್ಮ. ಫೋನಲ್ಲೇ ಹೇಳಿಟ್ಟಿದೀನಿ."

"ಕಷ್ಟಾನಾ? ಆಗ ತಾನೇ ಏನೇ ಕಷ್ಟ ಇತ್ತು? ಜೂನಲ್ಲಿ ಅಲ್ಲಿ ನಾಯಿ ಕೂಡ ಇರ್ತಿರ್ಲಿಲ್ಲ! ಜನ ಮುಗಿಬೀಳ್ತಿದ್ದದ್ದು ಆಗಸ್ಟಲ್ಲಿ. ನಾವು ನಿಮ್ಮ ಹಿಂದೆ ಆರಾಮಾಗಿ ಬಂದ್ರೂ ಬೇಕಾದ ಮರದ ಕೆಳಗೆ ಬೇಕಾದಷ್ಟು ಖಾಲಿ. ನಿಮ್ಮಮ್ಮ ಹಗ್ಗ ಕಟ್ಕೊಂಡು ಯಾರಿಂದ ಕಾಯ್ತಿದ್ಳೋ, ಆಮೆಗಳಿಂದಲೋ ಏನೋ!" ಮಿಂಕಾ ನಕ್ಕ ನಗುವಿಗೆ ಅವಳ ಕೈಯಲ್ಲಿದ್ದ ಕ್ಲಿಪ್ಪು ಕೆಳಗೆ ಬಿತ್ತು. ಕಟ್ಟೆಯ ಗಂಡಸರೂ ನಕ್ಕರು.

ಗೂಟದ ಮೇಲೆ ಬೀಳುತ್ತಿದ್ದ ಸುತ್ತಿಗೆಯ ಸದ್ದು ನಿಂತಿತು. ನೆವೆನಾ ತಿರುಗಿ ನೋಡಿದಳು. ಅಮ್ಮ ಮಂಡಿಯೂರಿ ಕೂತಿದ್ದಳು. ಮುಖ ಕಾಣಿಸುತ್ತಿರಲಿಲ್ಲ, ಕಿವಿ ಮಾತ್ರ ಕೆಂಪಗಾಗಿತ್ತು. ಆಮೇಲೆ ಸುತ್ತಿಗೆ ಮತ್ತೆ ಬೀಳತೊಡಗಿತು, ಬೇಕಾದ್ದಕ್ಕಿಂತ ಜೋರಾಗಿ.

ಬೊಯಾನ್ ಮಕ್ಕಳೊಂದಿಗೆ ಡೇರೆಯೊಳಗೆ ಕರಡಿಯಾಟ ಆಡುತ್ತ ಉಳಿದ. ಅಮ್ಮ ಮಗಳು ಮೇಲೆ ಹೋಗಿ ಕಾಫಿಗಿಟ್ಟರು. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು, ಅಮ್ಮ ಒರೆಸಿದಳು.

"ನಿಜಾನಾ ಅಮ್ಮ?"

"ಮಿಂಕಾಗೆ ಬೇರೆ ಕೆಲಸ ಇಲ್ಲ."

"ನಿಜಾನಾ ಅಂದೆ."

ಅಮ್ಮ ಕುರ್ಚಿ ಎಳೆದು ಕೂತಳು. "ಮೊದಲನೇ ವರ್ಷ ನಿಜವಾಗ್ಲೂ ಹಿಡಿಯೋಕೇ ಹೋಗಿದ್ದು. ಆಗಸ್ಟ್ ಅದು. ನೀನಿನ್ನೂ ತೆವಳೋ ಮಗು, ನಿನ್ನ ನಿಮ್ಮಜ್ಜಿ ಹತ್ರ ಬಿಟ್ಟಿದ್ದೆ. ಹೋಗಿ ಹಗ್ಗ ಕಟ್ದೆ. ಕಟ್ಟಿ ಆದ್ಮೇಲೆ ಮಾಡೋಕೆ ಏನೂ ಇರ್ಲಿಲ್ಲ. ಏನೂ ಇಲ್ಲ ಅಂದ್ರೆ ಏನೂ ಇಲ್ಲ, ನೆವೆನಾ. ನಂಗೆ ಗಾಬರೀನೇ ಆಯ್ತು. ಕೈ ಎಲ್ಲಿಡಬೇಕು ಅಂತ ಗೊತ್ತಾಗ್ಲಿಲ್ಲ."

"ಆಮೇಲೆ?"

"ಆಮೇಲೆ ಹಸಿವಾಯ್ತು, ತಿಂದೆ. ಯಾರಿಗೂ ಬಡಿಸದೆ ತಿಂದೆ. ಒಂದು ತುಂಡು ಬ್ರೆಡ್ಡು, ಟೊಮೇಟೊ, ಉಪ್ಪು. ತಟ್ಟೇನೂ ಇಲ್ಲ. ತಲೆ ಬಾಚಿಕೊಳ್ಳಲಿಲ್ಲ. ಸಮುದ್ರದೊಳಗೆ ಆ ಬಂಡೆ ಇದೆಯಲ್ಲ, ಅಲ್ಲೀವರೆಗೂ ಈಜಿಕೊಂಡು ಹೋಗಿ ಅದರ ಮೇಲೆ ಕೂತೆ. ಒಣಗೋವರೆಗೂ ಕೂತೆ. ಮತ್ತೆ ನೀರಿಗೆ ಬಿದ್ದೆ." ಅಮ್ಮ ಬಟ್ಟಲನ್ನು ತಟ್ಟೆಯ ಮೇಲೆ ತಿರುಗಿಸಿದಳು. "ಮುಂದಿನ ವರ್ಷದಿಂದ ನಿಮ್ಮಪ್ಪನ ಕಾರ್ಖಾನೇಲಿ ಜೂನಲ್ಲೇ ರಜ ಕೊಡೋಕೆ ಶುರು ಮಾಡಿದ್ರು. ಜೂನಲ್ಲಿ ಯಾರೂ ಬರಲ್ಲ ಅಂತ ನಂಗೆ ಗೊತ್ತಿತ್ತು. ಆದ್ರೂ ನಾನು ಮುಂಚೆ ಹೋಗ್ತೀನಿ, ಜಾಗ ಹೋದ್ರೆ ಕಷ್ಟ ಅಂದೆ."

ಹೊಸ್ತಿಲ ಮೇಲೆ ಚೆಂಬು ಹಿಡಿದು ಅಳು ನುಂಗುತ್ತಿದ್ದ ಹುಡುಗಿ ಇನ್ನೂ ನೆವೆನಾಳ ಒಳಗೆಲ್ಲೋ ನಿಂತಿದ್ದಳು. "ಅಂದ್ರೆ ನಮ್ಮನ್ನ ಬಿಟ್ಟಿರೋದು ನಿಂಗೆ ಅಷ್ಟು ಖುಷಿಯಾಗ್ತಿತ್ತಾ?" ಎಂದು ಕೇಳಿಯೇ ಬಿಟ್ಟಳು.

ಸುಳ್ಳು ಹೇಳುವ ಯೋಚನೆ ಅಮ್ಮನಿಗಿದ್ದಂತಿರಲಿಲ್ಲ. "ಆಗ್ತಿತ್ತು" ಎಂದಳು. "ಮೊದಲನೇ ದಿನ ಯಾರ ನೆನಪೂ ಬರ್ತಿರ್ಲಿಲ್ಲ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ರಸ್ತೇಲಿ ಹೋಗೋ ಪ್ರತಿ ಕಾರಿನ ಸದ್ದೂ ನಿಮ್ಮದೇ ಅನ್ಸೋದು. ಎದ್ದೆದ್ದು ನೋಡ್ತಿದ್ದೆ. ನೀವು ಬಂದಿಳಿದಾಗ ನಿಮ್ಮ ಮುಖ ಹೊಸದಾಗಿ ಕಾಣ್ಸೋದು ಕಣೆ. ವರ್ಷವಿಡೀ ಒರೆಸಿದ ಮುಖಗಳೇ, ಆದ್ರೂ ಹೊಸದು."

ನೆವೆನಾ ಕೆಲಸ ಮುಗಿಸಿ ಬಂದು, ಮನೆಯ ಕೆಳಗೆ ಕಾರು ನಿಲ್ಲಿಸಿ, ಬಾಗಿಲು ತೆರೆಯದೆ ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಾಳಲ್ಲ, ಅದು ಅವಳಿಗೆ ನೆನಪಾಯಿತು. ಮೇಲೆ ಕಿಟಕಿಯಲ್ಲಿ ಮಕ್ಕಳ ನೆರಳು ಓಡಾಡುತ್ತಿರುತ್ತದೆ. ಇನ್ನೊಂದು ಹಾಡು ಮುಗಿಯಲಿ, ಹೋಗುತ್ತೇನೆ ಎಂದುಕೊಳ್ಳುತ್ತಾಳೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಬೊಯಾನ್ ಕೇಳಿದರೆ ರಸ್ತೆಯಲ್ಲಿ ವಾಹನ ಜಾಸ್ತಿ ಎನ್ನುತ್ತಿದ್ದಳು. ಅದೂ ಒಂದು ನೀಲಿ ಹಗ್ಗವೇ.

"ಅಪ್ಪಂಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಎಲ್ಲಿ! ಪಾಪ, ನಂಬಿದ್ರು. ಬಂದ ತಕ್ಷಣ 'ಹಗ್ಗ ಗಟ್ಟಿ ಕಟ್ಟಿದೀಯಾ ರಾಯ್ನಾ, ಯಾರಾದ್ರೂ ಜಗಳಕ್ಕೆ ಬಂದ್ರಾ' ಅಂತ ಕೇಳೋರು. ನಂಗೆ ನಾಚಿಕೆ ಆಗೋದು."

ನೆವೆನಾಳ ಕಣ್ಣ ಮುಂದೆ ಬೇರೆಯದೇ ಒಂದು ಚಿತ್ರ ಬಂದು ನಿಂತಿತು. ಆ ಕಾರು. ಆ ಮುಗಿಯದ ದಾರಿ. ತಾವಿಬ್ಬರೂ ಹಿಂದಿನ ಸೀಟಿನಲ್ಲಿ "ಇನ್ನೂ ಎಷ್ಟು ದೂರ" ಎಂದು ಕುದಿಯುತ್ತಿದ್ದರೆ, ಅಪ್ಪ ಸ್ಲಿವೆನ್ ಊರಿನ ಹತ್ತಿರ ಪೀಚ್ ಹಣ್ಣು ನೋಡುತ್ತ ನಿಲ್ಲುತ್ತಿದ್ದ. ಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದ. ಕಂಡ ಕಂಡ ಚಿಲುಮೆಯಲ್ಲೆಲ್ಲ ನೀರು ಹಿಡಿಯುತ್ತಿದ್ದ. ಚೆನ್ನಾಗಿಯೇ ಇದ್ದ ಚಕ್ರವನ್ನು ಬಿಚ್ಚಿ ಮತ್ತೆ ಹಾಕಿದ್ದನ್ನೂ ಅವಳು ನೋಡಿದ್ದಳು. ಬುರ್ಗಾಸ್ ದಾಟಿ, ಇನ್ನೇನು ಬಂತು ಅನ್ನುವಾಗ, ರಸ್ತೆ ಬದಿಯ ಹೋಟೆಲಿನಲ್ಲಿ ಮೀನಿನ ಸಾರು. ನಮ್ಮಪ್ಪ ನಿಧಾನದ ಮನುಷ್ಯ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು. ಆದರೆ ವಾಪಸು ಬರುವಾಗ, ಅಮ್ಮ ಪಕ್ಕದಲ್ಲಿ ಕೂತಿರುವಾಗ, ಅದೇ ಮನುಷ್ಯ ಒಂದೇ ಓಟಕ್ಕೆ ಮನೆ ಮುಟ್ಟಿಸುತ್ತಿದ್ದ.

ಅವಳು ಇದನ್ನೆಲ್ಲ ಒಂದೊಂದಾಗಿ ಹೇಳಿದಳು. ಅಮ್ಮ ಮೊದಲು ನಕ್ಕಳು. ಚಕ್ರದ ಮಾತು ಬಂದಾಗ ನಗು ನಿಂತಿತು.

"ಚೆನ್ನಾಗಿದ್ದ ಚಕ್ರಾನಾ?"

"ಹೂಂ ಅಮ್ಮ. ತಮ್ಮ ಅತ್ತೇ ಬಿಟ್ಟ, ಇವತ್ತು ಸಮುದ್ರ ಸಿಗೋದೇ ಇಲ್ಲ ಅಂತ."

"ಬೆಳಿಗ್ಗೆ ಬೇಗ ಹೊರಟ್ವಿ ಅಂತಿದ್ರು. ಬರ್ತಾ ಇದ್ದದ್ದು ಬಿಸಿಲು ಇಳಿದ್ಮೇಲೆ. ನಾನು ರಸ್ತೆ ಸರಿಯಿಲ್ಲ ಅಂದ್ಕೊಂಡಿದ್ದೆ" ಎಂದು ಅಮ್ಮ ಮೆಲ್ಲಗೆ ಹೇಳಿದಳು. ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿದವಳು ಅಲ್ಲಿಂದ ತೆಗೆಯಲೇ ಇಲ್ಲ. ಬೆರಳುಗಳು ಆ ಹಳೆಯ ಮರಳನ್ನು ಉಜ್ಜುತ್ತಿದ್ದುದು ಬಟ್ಟೆಯ ಮೇಲಿಂದ ಕಾಣುತ್ತಿತ್ತು. "ಒಂದು ಮಾತು ಹೇಳ್ಲಿಲ್ಲ ನೋಡು ಆ ಮನುಷ್ಯ."

ಕೆಳಗೆ ಡೇರೆಯೊಳಗಿಂದ ಮಕ್ಕಳು ಕಿರುಚುವುದು ಕೇಳುತ್ತಿತ್ತು. ಮಿಂಕಾ ಯಾರಿಗೋ ಏನೋ ಹೇಳುತ್ತಿದ್ದಳು. ನೆವೆನಾ ಎದ್ದು ಬಟ್ಟಲುಗಳನ್ನು ತೊಳೆದಿಟ್ಟಳು. ಮಕ್ಕಳ ನಡುವೆ ಕೂರಿಸಿಕೊಂಡು, ಒಂದೇ ಕಾರಿನಲ್ಲಿ, ದಾರಿಯುದ್ದಕ್ಕೂ ಕಥೆ ಹೇಳಿಸಿಕೊಂಡು! ತಾನು ಅಮ್ಮನ ಮುಂದಿಟ್ಟ ಸುಖ ಎಂಥದೆಂದು ಈಗ ಅವಳಿಗೆ ಕಂಡಿತು.

ಊಟಕ್ಕೆ ಎಲ್ಲರೂ ಕೂತಾಗ ಅವಳು ಚೀಸ್ ತುಂಬಿ ಬೇಯಿಸಿದ ಪದರಪದರದ ಬಾನಿತ್ಸಾ ಕತ್ತರಿಸುತ್ತ ಯಾರಿಗೂ ಅಲ್ಲದಂತೆ ಹೇಳಿದಳು. "ಆ ಫೋನಿನವರ ಮಾತು ನಂಬೋ ಹಾಗಿಲ್ಲ ಅನ್ಸುತ್ತೆ."

"ಯಾಕೆ? ಹೆಸರು ಬರ್ಕೊಂಡಿದ್ದಾರಲ್ಲ" ಎಂದ ಬೊಯಾನ್. ಮೇಜಿನ ಕೆಳಗೆ ಅವನ ಕಾಲಿನ ಮೇಲೆ ಅವಳ ಹಿಮ್ಮಡಿ ಬಿತ್ತು.

"ಬರ್ಕೊಂಡ್ರೆ ಆಯ್ತಾ? ನಾವು ಹೋಗೋ ಹೊತ್ತಿಗೆ ಅಲ್ಲಿ ಇನ್ಯಾರೋ ಡೇರೆ ಹೂಡಿದ್ರೆ? ಅಲ್ವಾ ಬೊಯಾನ್?"

ಅವನು ಹೆಂಡತಿಯ ಮುಖ ನೋಡಿದ, ಅತ್ತೆಯ ಮುಖ ನೋಡಿದ. ತಮಾಷೆಯ ಮನುಷ್ಯನಾದರೂ ದಡ್ಡನಲ್ಲ. "ಹೌದೌದು. ಅದ್ರಲ್ಲೂ ಆ ಪ್ಲೊವ್‌ದಿವ್ ಕಡೆ ಜನ ಇದಾರೆ ನೋಡಿ ಅತ್ತೆ, ಹಗ್ಗ ಕಟ್ಟಿಲ್ಲ ಅಂದ್ರೆ ಮುಗೀತು ಕಥೆ."

"ಯಾರಾದ್ರೂ ಎರಡು ದಿನ ಮುಂಚೆ ಹೋಗಿ ಜಾಗ ಹಿಡಿಬೇಕು" ಎಂದಳು ನೆವೆನಾ. "ನಂಗೆ ರಜ ಇಲ್ಲ. ಇವ್ನಿಗೆ ಹಗ್ಗ ಕಟ್ಟೋಕೆ ಬರಲ್ಲ."

"ನಾನು ಹೋಗ್ತೀನಿ!" ಎಂದಳು ಇಸ್ಕ್ರಾ.

"ನೀನು ಇನ್ನೂ ಉದ್ದ ಆಗ್ಬೇಕು. ಜೋಡಿ ಮರಕ್ಕೆ ಕೈ ಎಟುಕಬೇಕಲ್ಲ."

ಅಮ್ಮ ಬಾನಿತ್ಸಾದ ಮೇಲಿನ ಗರಿಗರಿ ಪದರವನ್ನು ಬೆರಳಿನಿಂದ ಬಿಡಿಸಿ ಬಾಯಿಗಿಟ್ಟುಕೊಂಡಳು. ನೆವೆನಾ ಅವಳ ಗದ್ದವನ್ನೇ ನೋಡುತ್ತಿದ್ದಳು. ಅದು ಮೇಲಕ್ಕೆ ಹೋಗಲಿಲ್ಲ.

"ಅಷ್ಟು ದೂರ ಹೋಗಿ ಜಾಗ ಸಿಗ್ಲಿಲ್ಲ ಅಂದ್ರೆ ಚಿಕ್ಕ ಮಕ್ಕಳನ್ನ ಕಟ್ಕೊಂಡು ಏನ್ಮಾಡ್ತೀರಿ?" ಎಂದು ಅಮ್ಮ ಗೊಣಗಿದಳು. "ನಾನಲ್ದೆ ಇನ್ಯಾರು ಹೋಗ್ತಾರೆ? ಆ ಹಗ್ಗ ನೆಲಮಾಳಿಗೇಲಿ ಬಾಗಿಲ ಹಿಂದಿನ ಮೊಳೇಲಿದೆ. ತಗೊಂಡ್ಬಾ." ಆಮೇಲೆ ಮಗಳ ಕಡೆ ನೋಡದೆ ಸೇರಿಸಿದಳು. "ಗಂಟು ಹಾಕೋದು ನಿಂಗೂ ಕಲಿಸ್ಕೊಡ್ತೀನಿ. ನನ್ನ ಮಂಡಿ ಎಷ್ಟು ವರ್ಷ ಅಂತ ಮಾತು ಕೇಳುತ್ತೆ?"

ಅವಳು ಹೊರಟ ಬೆಳಿಗ್ಗೆ ಇಸ್ಕ್ರಾ ತಾಮ್ರದ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲಿಗಿಂತ ತನ್ನ ಚಪ್ಪಲಿಯ ಮೇಲೇ ಹೆಚ್ಚು ನೀರು ಚೆಲ್ಲಿಕೊಂಡಳು. ಅಮ್ಮ ಹೆಗಲಿಗೆ ಹಗ್ಗ ಏರಿಸಿ, ಲಂಗ ಸ್ವಲ್ಪ ಎತ್ತಿಕೊಂಡು, ನೀರು ದಾಟಿ ಹೋದಳು. ಮೇಲಿನ ಬಾಲ್ಕನಿಯಿಂದ ಮಿಂಕಾ "ಆಮೆಗಳಿಗೆ ನನ್ನ ನಮಸ್ಕಾರ ಹೇಳು" ಎಂದು ಕೂಗಿದಳು. ಅಮ್ಮ ತಿರುಗಿ ನೋಡದೆ ಕೈಯೆತ್ತಿ ಬೀಸಿದಳು.

ಎರಡು ದಿನದ ನಂತರ ಕಾರು ಹೊರಟಿತು. ಡಿಕ್ಕಿ ಮುಚ್ಚಲು ಬೊಯಾನ್ ಅದರ ಮೇಲೆ ಕೂರಬೇಕಾಯಿತು. ಸ್ಲಿವೆನ್ ಹತ್ತಿರ ನೆವೆನಾ ಚೆರಿ ಹಣ್ಣಿನ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದಳು. ಆಮೇಲೆ ಒಂದು ಚಿಲುಮೆ. ಆಮೇಲೆ ಇನ್ನೊಂದು.

"ಮತ್ತೆ ಯಾಕೆ?" ಎಂದ ಬೊಯಾನ್.

"ಆಸೆನ್‌ಗೆ ಬಾಯಾರಿಕೆ."

"ಅವನು ನಿದ್ದೆ ಮಾಡ್ತಿದಾನೆ ಕಣೆ."

"ಎದ್ದಮೇಲೆ ಆಗುತ್ತೆ."

ಬುರ್ಗಾಸ್ ದಾಟಿದ ಮೇಲೆ ಮೀನಿನ ಸಾರಿನ ಹೋಟೆಲು ಅಲ್ಲೇ ಇತ್ತು, ಮಾಡು ಮಾತ್ರ ಹೊಸದು. ಮಕ್ಕಳು ಮೀನು ಮುಟ್ಟದೆ ಬ್ರೆಡ್ಡು ತಿಂದರು. ನೆವೆನಾ ನಿಧಾನವಾಗಿ, ತಳದ ಕೊನೆಯ ಚಮಚದವರೆಗೂ ಕುಡಿದಳು. ಎದುರಿನ ಖಾಲಿ ಕುರ್ಚಿಯಲ್ಲಿ ಅಪ್ಪ ಕೂತು, ಗಡಿಯಾರ ನೋಡಿ, ಇನ್ನೊಂದು ಬಟ್ಟಲು ತರಿಸುತ್ತಿದ್ದ ಹಾಗಿತ್ತು.

ತೋಪು ತಲುಪಿದಾಗ ಬಿಸಿಲು ಇಳಿದಿತ್ತು. ದೂರದಲ್ಲಿ ಯಾರೋ ವಯಸ್ಸಾದ ಪರದೇಶಿ ದಂಪತಿಗಳ ಒಂದು ವ್ಯಾನು ಬಿಟ್ಟರೆ ಇಡೀ ತೋಪು ಖಾಲಿ ಬಿದ್ದಿತ್ತು. ಆ ಖಾಲಿಯ ನಡುವೆ ಜೋಡಿ ಮರದಿಂದ ಎದುರು ಮರಕ್ಕೆ ನೀಲಿ ಹಗ್ಗ ಬಿಗಿಯಾಗಿ ಕಟ್ಟಿತ್ತು. ಮಕ್ಕಳು ಎಡವದಿರಲೆಂದು ಅದರುದ್ದಕ್ಕೂ ಬಿಳಿ ಬಟ್ಟೆಯ ಚೂರುಗಳನ್ನು ಗಂಟು ಹಾಕಲಾಗಿತ್ತು. ಚಿಕ್ಕ ಡೇರೆಯ ಬಾಗಿಲು ತೆರೆದಿತ್ತು. ಒಳಗೆ ಅರ್ಧ ಬ್ರೆಡ್ಡು, ಒಂದು ಟೊಮೇಟೊ, ಉಪ್ಪಿನ ಪೊಟ್ಟಣ. ಬಾಚಣಿಗೆ ಚೀಲದಲ್ಲೇ ಇತ್ತು.

"ಅಜ್ಜಿ ಎಲ್ಲಿ?" ಎಂದಳು ಇಸ್ಕ್ರಾ.

ಬಂಡೆಯ ಕಡೆಗೆ ನೀರಿನಲ್ಲಿ ಒಂದು ಬಿಳಿಯ ತಲೆ ಹೋಗುತ್ತಿತ್ತು. ನೀರಿನಲ್ಲಿ ಅಮ್ಮನಿಗೆ ಮಂಡಿಯೇ ಇಲ್ಲದ ಹಾಗಿತ್ತು. ಕಾರಿನ ಬಾಗಿಲು ಹಾಕಿದ ಸದ್ದಿಗೆ ಆ ತಲೆ ಒಮ್ಮೆ ದಡದ ಕಡೆ ತಿರುಗಿತು, ಒಂದು ಗಳಿಗೆ ಹಾಗೇ ತೇಲಿತು. ಇಸ್ಕ್ರಾ ಕೂಗಲು ಬಾಯಿ ತೆರೆದಳು. ನೆವೆನಾ ಅವಳ ಭುಜದ ಮೇಲೆ ಕೈಯಿಟ್ಟಳು.

"ಮೊದಲು ಡೇರೆ ಹಾಕೋಣ."

"ಅಜ್ಜಿ ನಮ್ಮನ್ನ ನೋಡ್ಲಿಲ್ವಾ?"

"ನೋಡಿದ್ಳು."

"ಮತ್ತೆ ಬರ್ತಾ ಇಲ್ವಲ್ಲ?"

"ಬರ್ತಾಳೆ. ನೀನು ಈ ಗೂಟ ಹಿಡ್ಕೊ, ಅಲ್ಲಾಡಿಸ್ಬೇಡ."

ಆಸೆನ್ ತನ್ನ ಚೀಲದಿಂದ ಸೌಟು ತೆಗೆದು ಮರಳು ತೋಡಲು ಕೂತ. ಬೊಯಾನ್ ಹಿಂದಿನ ಕಂಬಿಯನ್ನು ಮತ್ತೆ ಮುಂದಕ್ಕೆ ಹಾಕಿದ. ನೆವೆನಾ ನೋಡಿದಳು, ತಿದ್ದಲಿಲ್ಲ. ಡೇರೆ ಎದ್ದು ನಿಲ್ಲಲು ಸ್ವಲ್ಪ ಹೊತ್ತಾದರೂ ಹಿಡಿಯಲಿ. ಅವಳು ಸುತ್ತಿಗೆಯನ್ನು ಎತ್ತಿ, ಸದ್ದಾಗದ ಹಾಗೆ ಮೆಲ್ಲಗೆ ಗೂಟದ ಮೇಲೆ ಬಡಿಯತೊಡಗಿದಳು. ಆ ಬಿಳಿಯ ತಲೆ ಮತ್ತೆ ಬಂಡೆಯ ಕಡೆ ತಿರುಗಿತು.